ಲಾಳ ಬಿಚ್ಚಿದರೆ ಗೊರಸು ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ಮೈಸೂರಿನ ಹೊರವಲಯದ ನಮ್ಮ ತೋಟದಲ್ಲಿ ರೇಸಿನಿಂದ ನಿವೃತ್ತವಾದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆ ಇದೆ. ವಯಸ್ಸು 9, ತೂಕ ಸುಮಾರು 440 ಕೆ.ಜಿ., ಬೀಜ ತೆಗೆಸಿದ ಗಂಡು. ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಸವಾರಿ ಮಾಡುತ್ತೇವೆ, ಹೆಚ್ಚಾಗಿ ಮಣ್ಣಿನ ದಾರಿ, ಸ್ವಲ್ಪ ಟಾರು ರಸ್ತೆ. ಎರಡು ತಿಂಗಳಲ್ಲಿ ಮುಂಗಾಲಿನ ಲಾಳ ಮೂರು ಸಲ ಕಿತ್ತುಬಂದಿದೆ. ಗೊರಸಿನ ಅಂಚು ಚೂರುಚೂರಾಗಿ ಮೊಳೆ ಹಿಡಿಯಲು ಜಾಗವೇ ಇಲ್ಲ. ಬರಿಗಾಲಲ್ಲಿ ಬಿಟ್ಟರೆ ಗೊರಸು ಗಟ್ಟಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಥರೋಬ್ರೆಡ್‌ಗೆ ಅದು ಆಗದ ಮಾತು ಎನ್ನುತ್ತಾರೆ ಲಾಳ ಹೊಡೆಯುವವರು. ಯಾರ ಮಾತು ಸರಿ? ದಿನಕ್ಕೆ 3 ಕೆ.ಜಿ. ಹುರುಳಿ ಬೇಯಿಸಿ ಹಾಕುತ್ತೇವೆ, ಜೊತೆಗೆ 2 ಕೆ.ಜಿ. ಗೋಧಿ ಬೂಸಾ, ಒಂದು ಹಿಡಿ ಬೆಲ್ಲ, ಉಳಿದಂತೆ ನೇಪಿಯರ್ ಹುಲ್ಲು.

ಉತ್ತರ: ನಿಮ್ಮ ಕುದುರೆಯನ್ನು ಬರಿಗಾಲಿಗೆ ತರಬಹುದು. ಆದರೆ ಲಾಳ ಬಿಚ್ಚಿದ್ದೇ ಚಿಕಿತ್ಸೆ ಎಂದುಕೊಂಡರೆ ಮೂರನೆಯ ದಿನಕ್ಕೆ ಕುದುರೆ ಕುಂಟುತ್ತದೆ, ಲಾಳ ಹೊಡೆಯುವವರ ಮಾತೇ ನಿಜವಾಗುತ್ತದೆ. ಲಾಳ ಬಿಚ್ಚಿದಾಗ ಗೊರಸಿನ ಹಿಂಭಾಗಕ್ಕೆ ನೆಲ ಮುಟ್ಟಿ ದುಡಿಯುವ ಅವಕಾಶ ಸಿಗುತ್ತದೆ, ಅಷ್ಟೇ. ಗಟ್ಟಿಯಾಗುವುದು ಆ ದುಡಿತದಿಂದ, ಸರಿಯಾದ ಮೇವಿನಿಂದ, ಮೂರು-ನಾಲ್ಕು ವಾರಕ್ಕೊಮ್ಮೆ ಅರ ಹಿಡಿಯುವ ಕೈಯಿಂದ. ಈ ಮೂರಕ್ಕೂ ನೀವು ತಯಾರಿದ್ದರೆ ಮುಂದೆ ಓದಿ. ಯಾವುದಾದರೂ ಒಂದು ಆಗದು ಎನಿಸಿದರೆ ಲಾಳವನ್ನೇ ಮುಂದುವರಿಸುವುದು ಕುದುರೆಗೆ ಹೆಚ್ಚು ದಯೆ.

ಮೊದಲು ಅಂಚು ಏಕೆ ಚೂರಾಗುತ್ತಿದೆ ನೋಡೋಣ. ಗೊರಸಿನ ಹೊರಗೋಡೆ ನಮ್ಮ ಉಗುರಿನ ಹಾಗೆ ಮೇಲಿನ ಕೂದಲಂಚಿನಿಂದ ಕೆಳಕ್ಕೆ ಬೆಳೆಯುತ್ತದೆ, ತಿಂಗಳಿಗೆ 6ರಿಂದ 10 ಮಿ.ಮೀ. ಎರಡು ಲಾಳದ ನಡುವಿನ ಆರು ವಾರದಲ್ಲಿ ಬೆಳೆಯುವುದು ಸುಮಾರು 12 ಮಿ.ಮೀ. ಮೊಳೆಯ ತುದಿ ಹೊರಬಂದು ಮಡಚಿಕೊಳ್ಳುವ ಜಾಗ ನೆಲದಂಚಿನಿಂದ ಸುಮಾರು 20 ಮಿ.ಮೀ. ಮೇಲಿರುತ್ತದೆ. ಅಂದರೆ ಹಳೆಯ ತೂತು ಇಳಿದು ಕತ್ತರಿಸಿಹೋಗುವ ಮೊದಲೇ ಅದರ ಪಕ್ಕದಲ್ಲಿ ಹೊಸ ತೂತು ಬೀಳುತ್ತದೆ. ಥರೋಬ್ರೆಡ್‌ನ ಹೊರಗೋಡೆ ಮೊದಲೇ ತೆಳು. ಲಾಳ ಒಂದು ಸಲ ಕಿತ್ತುಬಂದರೆ ತೂತುಗಳ ಸಾಲಿನಲ್ಲೇ ಗೋಡೆ ಸೀಳುತ್ತದೆ, ಅಂಚೆಚೀಟಿಯ ಹಾಳೆ ಹರಿದ ಹಾಗೆ. ಈ ಚಕ್ರ ನಿಲ್ಲಬೇಕಾದರೆ ಕೆಲವು ತಿಂಗಳು ಗೋಡೆಗೆ ಮೊಳೆ ಬೀಳಬಾರದು. ನಿಮ್ಮ ಕುದುರೆಯ ಮಟ್ಟಿಗೆ ಬರಿಗಾಲಿನ ಮೊದಲ ಲಾಭವೇ ಇದು, ಇದರಲ್ಲಿ ಯಾವ ವಾದವೂ ಇಲ್ಲ.

ಎರಡನೆಯ ಲಾಭ ಕಣ್ಣಿಗೆ ಕಾಣದ ಜಾಗದಲ್ಲಿದೆ. ಗೊರಸನ್ನು ಎತ್ತಿ ನೋಡಿದರೆ ಹಿಂಭಾಗದಿಂದ ಮಧ್ಯಕ್ಕೆ ಚಾಚಿದ, ರಬ್ಬರಿನಂಥ ತ್ರಿಕೋನ ಕಾಣುತ್ತದೆ. ಇದನ್ನು ಫ್ರಾಗ್ ಎನ್ನುತ್ತಾರೆ. ಅದರ ಮೇಲೆ, ಒಳಗೆ, ಕೊಬ್ಬು ಮತ್ತು ನಾರು ಬೆರೆತ ಒಂದು ಮೆತ್ತೆ ಇದೆ. ಮೆತ್ತೆಯ ಎರಡೂ ಬದಿಗೆ ಮೃದ್ವಸ್ಥಿಯ ರೆಕ್ಕೆಗಳಿವೆ. ಹಿಮ್ಮಡಿ ಮೊದಲು ನೆಲ ಮುಟ್ಟಿದಾಗ ಹಿಂಭಾಗ ತುಸು ಅಗಲವಾಗುತ್ತದೆ, ಮೆತ್ತೆ ಅದುಮಿಕೊಳ್ಳುತ್ತದೆ, ಅಲ್ಲಿನ ರಕ್ತನಾಳಗಳ ಜಾಲದಲ್ಲಿರುವ ರಕ್ತ ಸರಿದಾಡಿ ಪೆಟ್ಟನ್ನು ನುಂಗುತ್ತದೆ. ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಅಂಗರಚನಾ ವಿಜ್ಞಾನಿ ರಾಬರ್ಟ್ ಬೌಕರ್ ಈ ಭಾಗವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಗಟ್ಟಿಮುಟ್ಟಾದ ಪಾದದಲ್ಲಿ ಈ ಮೆತ್ತೆ ನಾರು ಮತ್ತು ಮೃದ್ವಸ್ಥಿಯಿಂದ ತುಂಬಿರುತ್ತದೆ, ದುರ್ಬಲ ಪಾದದಲ್ಲಿ ಸಡಿಲ ಕೊಬ್ಬಿನಂತೆ ಉಳಿದಿರುತ್ತದೆ ಎಂದು ತೋರಿಸಿದರು. ಎಳೆವಯಸ್ಸಿನಿಂದ ಸಿಗುವ ಓಡಾಟ ಇದರ ಬೆಳವಣಿಗೆಗೆ ಮುಖ್ಯ. ರೇಸಿನ ಕುದುರೆ ಎರಡು ವರ್ಷ ತುಂಬುವ ಹೊತ್ತಿಗೇ ಲಾಳ ಹಾಕಿಸಿಕೊಂಡು, ದಿನದ ಹೆಚ್ಚು ಹೊತ್ತು ಲಾಯದಲ್ಲಿ ನಿಲ್ಲುತ್ತದೆ. ನಿಮ್ಮ ಕುದುರೆಯ ಮುಂತುದಿ ಉದ್ದ, ಹಿಮ್ಮಡಿ ಕುಸಿದು ಮುಂದಕ್ಕೆ ಜಾರಿದ್ದು, ಫ್ರಾಗ್ ಸಣಕಲು ಆಗಿದ್ದರೆ ಕಾರಣ ತಳಿಯೊಂದೇ ಅಲ್ಲ, ಬೆಳೆಸಿದ ರೀತಿಯೂ ಹೌದು. ಅಂಥ ಪಾದ ಒಂಬತ್ತನೆಯ ವಯಸ್ಸಿನಲ್ಲೂ ಸುಧಾರಿಸುತ್ತದೆ. ಆದರೆ ಮರಿಯಿಂದಲೇ ಕಲ್ಲುನೆಲದಲ್ಲಿ ಓಡಾಡಿ ಬೆಳೆದ ಕುದುರೆಯ ಪಾದದಷ್ಟಾಗುತ್ತದೆ ಎಂದು ನಿರೀಕ್ಷಿಸಬೇಡಿ.

ಉಳಿದ ಲಾಭಗಳು: ನುಣುಪಾದ ಒದ್ದೆ ಟಾರು ರಸ್ತೆಯಲ್ಲಿ ಸಾದಾ ಕಬ್ಬಿಣಕ್ಕಿಂತ ಬರಿಗೊರಸು ಚೆನ್ನಾಗಿ ಹಿಡಿಯುತ್ತದೆ. ಕಾಲಿನ ತುದಿಯಲ್ಲಿ 300-400 ಗ್ರಾಂ ಲೋಹದ ಭಾರ ಇರುವುದಿಲ್ಲ. ಕುದುರೆ ನೆಲವನ್ನು ಪಾದದಿಂದ ಗುರುತಿಸಿ ಹೆಜ್ಜೆ ಇಡುತ್ತದೆ. ಜೊತೆ ಕುದುರೆಗೆ ಒದ್ದರೂ ಗಾಯ ಕಡಿಮೆ. ಬರಿಗಾಲು ಎಂದರೆ ಹಗುರ ಕೆಲಸಕ್ಕೆ ಮಾತ್ರ ಎಂಬ ಮಾತೂ ಈಗ ನಿಲ್ಲದು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಜಂಪಿಂಗ್ ತಂಡ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಸ್ವೀಡನ್ ತಂಡದ ಆಲ್ ಇನ್ ಮತ್ತು ಕಿಂಗ್ ಎಡ್ವರ್ಡ್ ಕುದುರೆಗಳು ಲಾಳವಿಲ್ಲದೆ ಹಾರಿದವು. ಅವುಗಳ ಹಿಂದೆ ದಿನವೂ ಪಾದ ನೋಡುವ ಪರಿಣತರಿದ್ದರು, ಹಾರುವ ಅಂಗಳವೂ ಹದವಾದ ಮರಳಿನದು ಎಂಬುದನ್ನು ಮರೆಯಬಾರದು.

ಉತ್ಪ್ರೇಕ್ಷೆಯ ಮಾತುಗಳೂ ಸಾಕಷ್ಟು ಓಡಾಡುತ್ತವೆ. "ಪ್ರತಿ ಗೊರಸೂ ಒಂದು ಹೃದಯ, ಲಾಳ ಹೊಡೆದರೆ ರಕ್ತ ನಿಂತುಹೋಗುತ್ತದೆ" ಎನ್ನುವುದು ಅಂಥದ್ದು. ಸರಿಯಾಗಿ ಹೊಡೆದ ಲಾಳದಲ್ಲಿ ಮೊಳೆಗಳು ಗೊರಸಿನ ಅತಿ ಅಗಲವಾದ ಜಾಗದ ಮುಂದೆಯೇ ಇರುತ್ತವೆ, ಹಿಮ್ಮಡಿ ಸ್ವಲ್ಪ ಮಟ್ಟಿಗೆ ಅರಳುತ್ತಲೇ ಇರುತ್ತದೆ. "ಕಾಡು ಕುದುರೆಗೆ ಯಾರು ಲಾಳ ಹೊಡೆದರು?" ಎಂಬ ಪ್ರಶ್ನೆಗೂ ಉತ್ತರವಿದೆ. ಆಸ್ಟ್ರೇಲಿಯಾದ ಕಾಡುಬಿದ್ದ ಕುದುರೆಗಳಿಗೆ ಜಿಪಿಎಸ್ ಕಟ್ಟಿ ನೋಡಿದಾಗ ಅವು ದಿನಕ್ಕೆ ಸರಾಸರಿ ಸುಮಾರು 16 ಕಿ.ಮೀ. ನಡೆಯುವುದು ಕಂಡಿತು. ಅದೇ ಸಂಶೋಧಕರು ಆ ಕುದುರೆಗಳ ಗೊರಸಿನಲ್ಲೂ ರೋಗಗಳನ್ನು ಕಂಡರು. ಹಾಗಾಗಿ ಕಾಡು ಎಂದ ಮಾತ್ರಕ್ಕೆ ಪಾದ ಆದರ್ಶವಾಗಿರುವುದಿಲ್ಲ.

ಬಿಚ್ಚುವ ಮೊದಲು ಏನು ಅಳೆಯಬೇಕು

ಅಂಗಾಲಿನ ದಪ್ಪವೇ ನಿಮ್ಮ ನಿರ್ಧಾರದ ತಳಹದಿ. ಗೊರಸಿನೊಳಗಿನ ಮೂಳೆಯ ತುದಿಯ ಕೆಳಗೆ 15 ಮಿ.ಮೀ. ಅಂಗಾಲು ಇದ್ದರೆ ನಿರಾಳ. 10ಕ್ಕಿಂತ ಕಡಿಮೆ ಇದ್ದರೆ ಕಲ್ಲಿನ ಮೇಲಿನ ಪ್ರತಿ ಹೆಜ್ಜೆಯೂ ನೋವು. ನಿಖರವಾಗಿ ತಿಳಿಯಲು ಪಕ್ಕದಿಂದ ತೆಗೆದ ಎಕ್ಸ್-ರೇ ಬೇಕು. ಕುದುರೆ ನೋಡುವ ಪಶುವೈದ್ಯರ ಬಳಿ ಸಾಗಿಸಬಹುದಾದ ಯಂತ್ರ ಇದ್ದರೆ ಎರಡೂ ಮುಂಗಾಲುಗಳದ್ದು ತೆಗೆಸಿ, ಆ ಖರ್ಚು ವ್ಯರ್ಥವಲ್ಲ. ಅದು ಆಗದಿದ್ದರೆ ಎರಡು ಅಂದಾಜು ಪರೀಕ್ಷೆಗಳಿವೆ. ಗೊರಸನ್ನು ಉಜ್ಜಿ ತೊಳೆದು, ಫ್ರಾಗ್‌ನ ತುದಿಯ ಮುಂದೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಅಂಗಾಲು ಒಳಕ್ಕೆ ಬಳುಕಿದರೆ ತೀರಾ ತೆಳು. ಇನ್ನೊಂದು, ಫ್ರಾಗ್‌ನ ಎರಡೂ ಬದಿಯ ಚರಂಡಿಯಂಥ ಗೀರಿನ ಆಳ. ಅಂಗಾಲಿನ ಅಂಚಿನ ಮೇಲೆ ಒಂದು ಪಟ್ಟಿ ಅಡ್ಡ ಇಟ್ಟು, ಫ್ರಾಗ್‌ನ ತುದಿಯ ಹತ್ತಿರ ಗೀರು ಎಷ್ಟು ಆಳ ಇದೆ ನೋಡಿ. 15 ಮಿ.ಮೀ. ಸುತ್ತಮುತ್ತ ಇದ್ದರೆ ಒಳ್ಳೆಯ ಲಕ್ಷಣ. 10ಕ್ಕಿಂತ ಕಡಿಮೆಯಾದರೆ ಬೂಟು (ಗೊರಸಿಗೆ ತೊಡಿಸಿ ಬಿಚ್ಚಬಹುದಾದ ಕವಚ) ಇಲ್ಲದೆ ಆರಂಭಿಸಲೇಬೇಡಿ.

ನಡಿಗೆಯನ್ನೂ ನೋಡಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕುದುರೆಯನ್ನು ಸಡಿಲ ಹಗ್ಗದಲ್ಲಿ ನಡೆಸಿ, ಫೋನನ್ನು ನೆಲದ ಮಟ್ಟದಲ್ಲಿಟ್ಟು ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಹಿಮ್ಮಡಿ ಮೊದಲು ಬೀಳುತ್ತದೆಯೋ ಮುಂತುದಿಯೋ ಸ್ಪಷ್ಟವಾಗಿ ಕಾಣುತ್ತದೆ. ಮುಂತುದಿ ಮೊದಲು ಬೀಳುತ್ತಿದ್ದರೆ ಹಿಂಭಾಗದಲ್ಲಿ ನೋವಿದೆ ಅಥವಾ ಹಿಂಭಾಗ ದುರ್ಬಲವಾಗಿದೆ ಎಂದರ್ಥ. ಈ ವಿಡಿಯೋವನ್ನು ಉಳಿಸಿಕೊಳ್ಳಿ. ಮುಂದಿನ ಹತ್ತು ತಿಂಗಳು ಇದೇ ನಿಮ್ಮ ಅಳತೆಗೋಲು.

ಮೇವು

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಲಾಳವಲ್ಲ, ಮೇವಿನ ಪಟ್ಟಿ. ಹುರುಳಿಯ ಹಿಟ್ಟಿನಂಶ, ಬೆಲ್ಲದ ಸಕ್ಕರೆ ಹೆಚ್ಚಾದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಹೊರಗೋಡೆಯನ್ನು ಮೂಳೆಗೆ ಹಿಡಿದಿಡುವ ಪದರಗಳು ಸಡಿಲಗೊಳ್ಳುತ್ತವೆ, ಅದೇ ಲ್ಯಾಮಿನೈಟಿಸ್. ಜೋರಾಗಿ ಬಂದರೆ ಕುದುರೆ ನಿಲ್ಲಲಾರದು. ಸಣ್ಣ ಮಟ್ಟದಲ್ಲಿ ಬಂದರೆ ಗೋಡೆ ಹೊರಕ್ಕೆ ಬಾಗುತ್ತದೆ, ಅಂಗಾಲಿಗೂ ಗೋಡೆಗೂ ನಡುವಿನ ಬಿಳಿ ಗೆರೆ ಹಿಗ್ಗಿ ಅದರಲ್ಲಿ ಮಣ್ಣು, ಕಲ್ಲು ಸೇರುತ್ತದೆ, "ಇದಕ್ಕೆ ಬರಿಗಾಲು ಹೊಂದುವುದಿಲ್ಲ" ಎಂಬ ತೀರ್ಪು ಬರುತ್ತದೆ. ಲಾಳ ಆ ನೋವನ್ನು ಮುಚ್ಚಿಡುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಇನ್ನೊಂದು ಸಮಸ್ಯೆ ಕ್ಯಾಲ್ಸಿಯಂನದು. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಎಂಟು-ಹತ್ತು ಪಟ್ಟು ಹೆಚ್ಚು. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್, ಇರುವ ಅಲ್ಪ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆ ಇದನ್ನು ತಾಳಿಕೊಳ್ಳುತ್ತದೆ, ಕುದುರೆಯದು ತಾಳುವುದಿಲ್ಲ. ತಿಂಗಳುಗಟ್ಟಲೆ ಹೀಗೆ ನಡೆದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಇವತ್ತು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತದೆ, ಮುಂದೆ ಮುಖದ ಮೂಳೆ ಉಬ್ಬುತ್ತದೆ. ಅಂಥ ಕುಂಟನ್ನು ಗೊರಸಿನ ತಲೆಗೆ ಕಟ್ಟಿದರೆ ದಾರಿ ತಪ್ಪುತ್ತೀರಿ.

ಹೀಗೆ ಬದಲಿಸಿ: ಬೆಲ್ಲ ಪೂರ್ತಿ ನಿಲ್ಲಿಸಿ. ಎರಡು ವಾರಗಳಲ್ಲಿ ನಿಧಾನವಾಗಿ ಹುರುಳಿಯನ್ನು 1 ಕೆ.ಜಿ.ಗೆ ಇಳಿಸಿ ಎರಡು ಹೊತ್ತಿಗೆ ಹಂಚಿ, ಬೂಸಾವನ್ನು ಅರ್ಧ ಕೆ.ಜಿ.ಗೆ ತನ್ನಿ. ದಿನದ ಒಣಮೇವು ದೇಹತೂಕದ ಶೇ. 1.5ರಿಂದ 2ರಷ್ಟು ಇರಬೇಕು. ನಿಮ್ಮ ಕುದುರೆಗೆ ಅದು ಸುಮಾರು 6.6ರಿಂದ 8.8 ಕೆ.ಜಿ. ಆಗುತ್ತದೆ. ನೇಪಿಯರ್ ಬದಲು ಒಣಗಿಸಿದ ಓಟ್ಸ್ ಹುಲ್ಲು ಅಥವಾ ರೋಡ್ಸ್ ಹುಲ್ಲು ಹುಡುಕಿ. ಅದರಲ್ಲಿ 1 ಕೆ.ಜಿ.ಯಷ್ಟು ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಇರಲಿ, ಕ್ಯಾಲ್ಸಿಯಂಗೆ ಅದು ಒಳ್ಳೆಯ ಮೂಲ. ದಿನಕ್ಕೆ 30 ಗ್ರಾಂ ಉಪ್ಪು ಬೇಕು. ಒಟ್ಟು ಆಹಾರದಿಂದ ದಿನಕ್ಕೆ ಸುಮಾರು 350-450 ಮಿ.ಗ್ರಾಂ ಸತು, 90-120 ಮಿ.ಗ್ರಾಂ ತಾಮ್ರ ಸಿಗುವಂತೆ ಕುದುರೆಗೆಂದೇ ತಯಾರಿಸಿದ ಖನಿಜ ಮಿಶ್ರಣ ಕೊಡಿ. ಬಯೋಟಿನ್ 15-20 ಮಿ.ಗ್ರಾಂ ಕೊಡಬಹುದು, ಆದರೆ ಅದರ ಫಲ ಕಾಣಲು ಆರರಿಂದ ಒಂಬತ್ತು ತಿಂಗಳು ಬೇಕು. ಹಳೆಯ ಗೊರಸನ್ನು ಅದು ಸರಿಪಡಿಸುವುದಿಲ್ಲ, ಹೊಸದಾಗಿ ಇಳಿಯುವುದನ್ನು ಮಾತ್ರ ಗಟ್ಟಿಮಾಡುತ್ತದೆ. ಸೆಲೆನಿಯಂ ಅನ್ನು ಅಂದಾಜಿನ ಮೇಲೆ ಕೊಡಬೇಡಿ. ಹೆಚ್ಚಾದರೆ ಜೂಲು, ಬಾಲದ ಕೂದಲು ಉದುರಿ ಗೊರಸೇ ಅಡ್ಡಡ್ಡ ಸೀಳುತ್ತದೆ. ಹಸು, ಕೋಳಿಗಳ ಸಿದ್ಧ ಆಹಾರವನ್ನಂತೂ ಕುದುರೆಯ ಹತ್ತಿರ ಸುಳಿಯಲು ಬಿಡಬೇಡಿ. ಅವುಗಳಲ್ಲಿ ಬೆರೆಸಿರಬಹುದಾದ ಮೊನೆನ್ಸಿನ್ ಎಂಬ ಔಷಧ ಅತಿ ಸಣ್ಣ ಪ್ರಮಾಣದಲ್ಲೂ ಕುದುರೆಯ ಹೃದಯಕ್ಕೆ ವಿಷ.

ಈ ಮೇವು ಆರು ವಾರ ನಡೆದ ಮೇಲೆ ಲಾಳದ ಮಾತು. ಅಷ್ಟರಲ್ಲಿ ಕೂದಲಂಚಿನ ಕೆಳಗೆ ಹೊಸ ಗೊರಸು ಒಂದು ಬೆರಳಗಲ ಇಳಿದಿರುತ್ತದೆ. ಅದು ಹಳೆಯದಕ್ಕಿಂತ ನೇರವಾಗಿ, ಕಡಿದಾಗಿ ಇಳಿಯುತ್ತಿದ್ದರೆ ಮೇವು ಸರಿಹೋಗಿದೆ ಎಂದೇ ತಿಳಿಯಿರಿ.

ಬಿಚ್ಚುವುದು, ಅರ ಹಾಕುವುದು

ಕಾಲ ನೋಡಿ ಆರಂಭಿಸಿ. ನಿಮ್ಮ ಕಡೆ ಹಿಂಗಾರು ಮುಗಿದು ನೆಲ ಒಣಗುವ ಡಿಸೆಂಬರ್ ಒಳ್ಳೆಯದು. ಮುಂದಿನ ಮಳೆಗಾಲದ ಹೊತ್ತಿಗೆ ಹಿಮ್ಮಡಿಯ ಭಾಗ ಬಹುಪಾಲು ಹೊಸದಾಗಿರುತ್ತದೆ. ಮೊದಲು ಹಿಂಗಾಲಿನ ಲಾಳ ಮಾತ್ರ ತೆಗೆಸಿ. ದೇಹಭಾರದ ಸುಮಾರು ಶೇ. 60 ಮುಂಗಾಲುಗಳ ಮೇಲಿರುವುದರಿಂದ ಹಿಂಗಾಲು ಸುಲಭವಾಗಿ ಹೊಂದಿಕೊಳ್ಳುತ್ತದೆ. ಆರು-ಎಂಟು ವಾರದ ನಂತರ ಮುಂಗಾಲು.

ಬಿಚ್ಚುವಾಗ ಮಡಚಿದ ಮೊಳೆತುದಿಗಳನ್ನು ಪೂರ್ತಿ ನೇರ ಮಾಡಿ ಅಥವಾ ಅರದಿಂದ ತೇಯ್ದುಹಾಕಿ, ಮೊಳೆಗಳನ್ನು ಒಂದೊಂದಾಗಿ ಎಳೆಯಬೇಕು. ಇಡೀ ಲಾಳವನ್ನು ಇಕ್ಕಳದಿಂದ ಒಮ್ಮೆಗೇ ಸೆಳೆದರೆ ಉಳಿದ ಗೋಡೆಯೂ ಅದರ ಜೊತೆ ಬರುತ್ತದೆ.

ಹೆಚ್ಚಿನ ಕುದುರೆಗಳು ಸೋಲುವುದು ಇದರ ನಂತರದ ಐದು ನಿಮಿಷದಲ್ಲಿ. ಲಾಳ ಕೂರಿಸಲು ಅಂಗಾಲನ್ನು ಚಾಕುವಿನಿಂದ ಕೆತ್ತಿ, ಗೋಡೆಯನ್ನು ಸಪಾಟಾಗಿ ಕತ್ತರಿಸುವುದು ರೂಢಿ. ಕೈ ಅಭ್ಯಾಸದ ಮೇಲೆ ಅದನ್ನೇ ಮಾಡಿ, ಮೇಲೆ ಲಾಳ ಹಾಕದೆ ಬಿಟ್ಟರೆ ಕುದುರೆ ತೆಳುವಾದ ಅಂಗಾಲಿನ ಮೇಲೇ ನಿಲ್ಲಬೇಕಾಗುತ್ತದೆ. ಬರಿಗಾಲಿಗೆ ಮಾಡುವ ಕೆಲಸ ಬೇರೆ. ಅಂಗಾಲಿಗೆ ಚಾಕು ತಾಗಿಸಬಾರದು. ತಾನಾಗಿ ಪುಡಿಪುಡಿಯಾಗಿ ಉದುರುವ ಸುಣ್ಣದಂಥ ಪದರವನ್ನು ಮಾತ್ರ ಬ್ರಷ್‌ನಿಂದ ಉಜ್ಜಬಹುದು. ಫ್ರಾಗ್‌ನಲ್ಲಿ ಜೋತಾಡುವ ಚೂರುಗಳನ್ನು, ಕೊಳೆ ಕೂರುವ ಮಡಿಕೆಗಳನ್ನು ಬಿಟ್ಟು ಬೇರೇನೂ ಕತ್ತರಿಸಬಾರದು. ಹಿಮ್ಮಡಿಯನ್ನು ಅಂಗಾಲಿಗಿಂತ ಒಂದೆರಡು ಮಿ.ಮೀ. ಎತ್ತರ ಉಳಿಸಿ, ಎಡಬಲ ಸಮ ಇದೆಯೇ ನೋಡಿ. ಗೋಡೆಯ ಹೊರ ಅಂಚನ್ನು ಸುಮಾರು 45 ಡಿಗ್ರಿಯಲ್ಲಿ ತೇಯ್ದು ದುಂಡಗೆ ಮಾಡಿ. ಮುಂತುದಿಯಲ್ಲಿ ಈ ದುಂಡು ಹೆಚ್ಚು ಬೇಕು, ಆಗ ಪಾದ ಬೇಗ ಮಗುಚಿ ಹೆಜ್ಜೆ ಹಗುರಾಗುತ್ತದೆ. ಗೋಡೆ ಹೊರಕ್ಕೆ ಬಾಗಿದ್ದರೆ ಹೊರಮೈಯನ್ನು ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ತೇಯಬಹುದು, ಅದಕ್ಕಿಂತ ಮೇಲೆ ಹೋದರೆ ಗೋಡೆಯೇ ತೆಳುವಾಗುತ್ತದೆ. ಮೊಳೆತೂತುಗಳ ಸುತ್ತ ಅಂಚು ಒಡೆಯುವುದು ಎರಡು-ಮೂರು ತಿಂಗಳು ಇದ್ದೇ ಇರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ನೋವಿನದಲ್ಲ. ಅದನ್ನು "ಸರಿಮಾಡಲು" ಗೊರಸನ್ನು ಗಿಡ್ಡ ಕತ್ತರಿಸಬೇಡಿ.

ಮೊದಲ ಆರು ತಿಂಗಳು ಮೂರು-ನಾಲ್ಕು ವಾರಕ್ಕೊಮ್ಮೆ, ಆಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಅರ ಹಾಕಿಸಿ. ಒಂದೇ ಸಲ ಹೆಚ್ಚು ತೆಗೆಯುವುದಕ್ಕಿಂತ ಆಗಾಗ ಸ್ವಲ್ಪ ತೆಗೆಯುವುದು ಯಾವಾಗಲೂ ಮೇಲು. ಮುಂತುದಿಯ ಗೋಡೆ 8 ಸೆಂ.ಮೀ. ಎಂದುಕೊಂಡರೆ, ತಿಂಗಳಿಗೆ 8 ಮಿ.ಮೀ.ಯಂತೆ ಪೂರ್ತಿ ಹೊಸ ಗೊರಸು ಇಳಿಯಲು ಹತ್ತು ತಿಂಗಳು. ಅದಕ್ಕೆ ಮೊದಲು ಫಲಿತಾಂಶದ ತೀರ್ಪು ಕೊಡಬೇಡಿ.

ನಡೆಸುವುದು

ಮೊದಲ ಎರಡು ವಾರ ಸವಾರಿ ಬೇಡ. ದಿನಕ್ಕೆ ಎರಡು ಹೊತ್ತು 15-20 ನಿಮಿಷ ಕೈಹಿಡಿದು ನಡೆಸಿ, ನುಣುಪಾದ ಟಾರು ಅಥವಾ ಕಲ್ಲಿಲ್ಲದ ಗಟ್ಟಿ ಮಣ್ಣಿನ ಮೇಲೆ. ಟಾರು ಎಂದರೆ ಹೆದರುವವರಿದ್ದಾರೆ, ಆದರೆ ಸಮತಟ್ಟಾದ ಟಾರಿನ ಮೇಲಿನ ನಡಿಗೆ ತೆಳು ಅಂಗಾಲಿಗೆ ಜಲ್ಲಿಗಿಂತ ಎಷ್ಟೋ ಹಿತ. ಮೂರರಿಂದ ಆರನೆಯ ವಾರದವರೆಗೆ 30-40 ನಿಮಿಷಕ್ಕೆ ಏರಿಸಿ. ಕುದುರೆ ಹೆಜ್ಜೆ ಗಿಡ್ಡಮಾಡಿದರೆ, ರಸ್ತೆ ಬಿಟ್ಟು ಹುಲ್ಲಿನ ಅಂಚಿಗೆ ಸರಿದರೆ, ವಿಡಿಯೋದಲ್ಲಿ ಮುಂತುದಿ ಮೊದಲು ಬಿದ್ದರೆ, ಆ ದಿನಕ್ಕೆ ಸಾಕು. "ನೋವು ತಿಂದರೆ ಗಟ್ಟಿಯಾಗುತ್ತದೆ" ಎಂಬ ನಂಬಿಕೆ ತೀರಾ ತಪ್ಪು. ನೋವಿದ್ದಾಗ ಕುದುರೆ ಹಿಮ್ಮಡಿ ಊರುವುದಿಲ್ಲ. ಹಿಮ್ಮಡಿ ಊರದೆ ಒಳಗಿನ ಮೆತ್ತೆಗೆ ಕೆಲಸವಿಲ್ಲ.

ಅದಕ್ಕೇ ಮುಂಗಾಲಿಗೆ ಬೂಟು ಕೊಳ್ಳುವುದು ಈ ಯೋಜನೆಯ ಭಾಗವೇ ಹೊರತು ಸೋಲಿನ ಗುರುತಲ್ಲ. ಅರ ಹಾಕಿಸಿದ ದಿನವೇ ಗೊರಸಿನ ಅತಿ ಅಗಲ, ಮುಂತುದಿಯಿಂದ ಹಿಮ್ಮಡಿ ಊರುವ ಜಾಗದವರೆಗಿನ ಉದ್ದ ಎರಡನ್ನೂ ಮಿ.ಮೀ.ಗಳಲ್ಲಿ ಅಳೆದು, ಕಂಪನಿಯ ಅಳತೆಪಟ್ಟಿಗೆ ಹೋಲಿಸಿ. ಎಡ-ಬಲ ಬೇರೆ ಇರುವುದು ಸಾಮಾನ್ಯ, ಎರಡನ್ನೂ ಅಳೆಯಿರಿ. ಒಳಗೆ 10-12 ಮಿ.ಮೀ. ದಪ್ಪದ ಫೋಮ್ ಪ್ಯಾಡ್ ಹಾಕಿ. ಮೂರನೆಯ ವಾರದಿಂದ ಬೂಟು ಹಾಕಿ ಸವಾರಿ ಮಾಡಬಹುದು. ಸವಾರಿ ಮುಗಿದ ಕೂಡಲೇ ಬಿಚ್ಚಿ, ಕೂದಲಂಚು ಉಜ್ಜಿಹೋಗಿದೆಯೇ ನೋಡಿ, ಬೂಟು ತೊಳೆದು ಒಣಗಿಸಿ.

ಉಳಿದ 23 ಗಂಟೆ ಕುದುರೆ ಎಲ್ಲಿ ನಿಲ್ಲುತ್ತದೆ ಎಂಬುದು ಆ ಒಂದು ಗಂಟೆಗಿಂತ ಮುಖ್ಯ. ನೀರಿನ ತೊಟ್ಟಿ ಜಾಗದ ಒಂದು ತುದಿಗೆ, ಹುಲ್ಲು ಇನ್ನೊಂದು ತುದಿಗೆ ಇಟ್ಟರೆ ಕುದುರೆ ತಾನಾಗಿ ನಡೆಯುತ್ತದೆ. ತೊಟ್ಟಿಯ ಮುಂದೆ 3 ಮೀಟರ್‌ಗೆ 4 ಮೀಟರ್ ಜಾಗದಲ್ಲಿ 10 ಸೆಂ.ಮೀ. ಆಳಕ್ಕೆ, 6-10 ಮಿ.ಮೀ. ಗಾತ್ರದ ದುಂಡನೆಯ ಸಣ್ಣ ಕಲ್ಲು ಹರಡಿ. ಇದಕ್ಕೆ ಸುಮಾರು 2 ಟನ್ ಬೇಕು. ಕ್ರಷರ್‌ನ ಚೂಪು ಜಲ್ಲಿ ಬೇಡ. ದುಂಡುಕಲ್ಲು ಪಾದದ ಆಕಾರಕ್ಕೆ ಸರಿದು ಫ್ರಾಗ್‌ಗೂ ಅಂಗಾಲಿಗೂ ಸಮವಾಗಿ ಒತ್ತು ಕೊಡುತ್ತದೆ, ಮಳೆಯಲ್ಲಿ ಕೆಸರೂ ಆಗುವುದಿಲ್ಲ. ಇದು ಹೊಸ ಉಪಾಯವೇನಲ್ಲ. ಮೊಳೆಯ ಲಾಳವನ್ನೇ ಅರಿಯದಿದ್ದ ಗ್ರೀಸಿನಲ್ಲಿ, ಸುಮಾರು 2,400 ವರ್ಷಗಳ ಹಿಂದೆ, ಸೇನಾನಿ ಕ್ಸೆನೊಫೋನ್ ಕುದುರೆ ನಿಲ್ಲುವ ಅಂಗಳಕ್ಕೆ ಗಾಡಿಗಟ್ಟಲೆ ದುಂಡುಕಲ್ಲು ಸುರಿಸಲು ಹೇಳಿದ್ದ.

ಕೆಡುವುದು ಎಲ್ಲಿ

ಮಳೆಗಾಲದಲ್ಲಿ ಫ್ರಾಗ್ ಕೊಳೆಯುತ್ತದೆ. ಕಪ್ಪು ಲೋಳೆ, ಮೂಗು ಮುಚ್ಚುವ ವಾಸನೆ, ಮಧ್ಯದ ಸೀಳಿನಲ್ಲಿ ಹತ್ತಿ ಕಡ್ಡಿ ಆಳಕ್ಕೆ ಇಳಿಯುವುದು ಇದರ ಗುರುತು. ಇದು ಸಣ್ಣ ವಿಷಯವಲ್ಲ. ಸೀಳು ನೋಯುವ ಕುದುರೆ ಹಿಮ್ಮಡಿ ಊರುವುದನ್ನು ಬಿಡುತ್ತದೆ, ನಿಮ್ಮ ಎಲ್ಲ ಶ್ರಮವೂ ಅಲ್ಲಿಗೆ ನಿಲ್ಲುತ್ತದೆ. ಉಪ್ಪುನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸೀಳಿನೊಳಗೆ ಮೆಲ್ಲಗೆ ಒತ್ತಿ, ದಿನವೂ ಬದಲಿಸಿ. ಹತ್ತು-ಹನ್ನೆರಡು ದಿನ ಬಿಡದೆ ಮಾಡಬೇಕು. ಮೈಲುತುತ್ತದ ಪುಡಿಯನ್ನು ಹಾಗೇ ತುಂಬುವ ರೂಢಿ ಕೆಲವೆಡೆ ಇದೆ. ಅದು ಹಸಿ ಮಾಂಸವನ್ನು ಸುಡುತ್ತದೆ, ಬೇಡ. ದಿನಕ್ಕೆ ಕನಿಷ್ಠ ಎಂಟು ಗಂಟೆ ಒಣಗಿದ ನೆಲದಲ್ಲಿ ನಿಲ್ಲುವ ಏರ್ಪಾಡು ಇರಲಿ. ಗೊರಸಿಗೆ ಎಣ್ಣೆ ಬಳಿಯುವುದರಿಂದ ಹೊಳಪು ಬರುತ್ತದೆ, ಗಟ್ಟಿತನ ಬರುವುದಿಲ್ಲ.

ನಿನ್ನೆ ಚೆನ್ನಾಗಿದ್ದ ಕುದುರೆ ಇವತ್ತು ಒಂದೇ ಕಾಲನ್ನು ನೆಲಕ್ಕೆ ಊರದಿದ್ದರೆ ಬಹುಶಃ ಗೊರಸಿನೊಳಗೆ ಕೀವು ಕಟ್ಟಿದೆ. ಹಳೆಯ ಪೆಟ್ಟಿನ ರಕ್ತ, ಮೊಳೆತೂತಿನಿಂದ ನುಗ್ಗಿದ ಕೊಳೆ ಇವೇ ಕಾರಣ. ಬರಿಗಾಲಿನ ಆರಂಭದಲ್ಲಿ ಇದು ಅಪರೂಪವೇನಲ್ಲ. ವೈದ್ಯರು ದಾರಿ ಮಾಡಿ ಕೀವು ಹೊರಬಿಟ್ಟರೆ ಒಂದೆರಡು ದಿನದಲ್ಲಿ ಕಾಲು ಊರುತ್ತದೆ. ನೀವೇ ಚಾಕು ಹಿಡಿದು ತೋಡಬೇಡಿ. ಧನುರ್ವಾಯು ಕುದುರೆಗೆ ಬಹುಬೇಗ ತಗಲುವ ರೋಗ, ಲಸಿಕೆ ಹಾಕಿಸಿದ ದಿನಾಂಕ ನೋಡಿಕೊಳ್ಳಿ.

ಎರಡೂ ಮುಂಗಾಲು ಬಿಸಿ, ಗೆಣ್ಣಿನ ಹಿಂಬದಿಯ ಎರಡು ಪಕ್ಕದಲ್ಲಿ ನಾಡಿ ಬೆರಳಿಗೆ ಬಡಿಯುವಷ್ಟು ಜೋರು, ಕುದುರೆ ಮುಂಗಾಲು ಮುಂದಕ್ಕೆ ಚಾಚಿ ಹಿಂದಕ್ಕೆ ಭಾರ ಹಾಕಿ ನಿಂತಿದೆ ಎಂದರೆ ಅದು ಲ್ಯಾಮಿನೈಟಿಸ್. ಅದನ್ನು "ಹೊಂದಿಕೊಳ್ಳುತ್ತಿದೆ" ಎಂದು ಕಾಯುವ ಹಾಗಿಲ್ಲ. ಆ ಕ್ಷಣವೇ ವೈದ್ಯರನ್ನು ಕರೆಯಿರಿ. ಅವರು ಬರುವವರೆಗೆ ಪಾದಗಳನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಡಿ, ಕಾಳು ಕೊಡಬೇಡಿ, ನಡೆಸಬೇಡಿ. ಆರೋಗ್ಯವಾಗಿರುವ ದಿನಗಳಲ್ಲೇ ಈ ನಾಡಿಯನ್ನು ಹುಡುಕಿ ಮುಟ್ಟಿ ಅಭ್ಯಾಸ ಮಾಡಿಕೊಂಡರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಲಾಳವೇ ಸರಿಯಾದ ಸಂದರ್ಭಗಳೂ ಇವೆ. ದಿನವಿಡೀ ಟಾರಿನ ಮೇಲೆ ಎಳೆಯುವ ಟಾಂಗಾ ಕುದುರೆಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಗೊರಸಿನ ಮೂಳೆ ಮುರಿದದ್ದಕ್ಕೆ ಅಲುಗಾಡದಂತೆ ಹಿಡಿದಿಡುವ ಲಾಳ ಬೇಕು. ನಿಮ್ಮ ಕುದುರೆಯೂ ಮೇವು, ನೆಲ, ಅರ ಎಲ್ಲ ಸರಿಯಿದ್ದು ಹತ್ತು ತಿಂಗಳ ನಂತರವೂ ಬೂಟಿಲ್ಲದೆ ಸಮತಟ್ಟಾದ ನೆಲದಲ್ಲಿ ಹಿತವಾಗಿ ನಡೆಯದಿದ್ದರೆ ಮುಂಗಾಲಿಗೆ ಮತ್ತೆ ಲಾಳ ಹಾಕಿಸಿ. ಅಷ್ಟರಲ್ಲಿ ಮೊಳೆ ಹಿಡಿಯುವ ತೂತಿಲ್ಲದ ಹೊಸ ಗೋಡೆಯಂತೂ ಸಿಕ್ಕಿರುತ್ತದೆ.

ಸದ್ಯಕ್ಕೆ, ಮುಂಗಾಲಿನ ಲಾಳ ಇನ್ನೊಮ್ಮೆ ಬೀಳುವ ಮೊದಲು ಎರಡು ಕೆಲಸ ಆಗಲಿ. ಇವತ್ತಿನಿಂದ ಬೆಲ್ಲ ನಿಲ್ಲಿಸಿ. ಲಾಳ ಹೊಡೆಯುವವರು ಬಂದಾಗ ಮುಂಗಾಲಿಗೆ ಗಟ್ಟಿ ಗೋಡೆ ಉಳಿದಿರುವ ಕಡೆ ನಾಲ್ಕೈದು ಸಣ್ಣ ಮೊಳೆ ಸಾಕೆಂದು ಕೇಳಿಕೊಳ್ಳಿ, ಅಂಗಾಲು ಕೆತ್ತದಂತೆ ಪಕ್ಕದಲ್ಲೇ ನಿಂತು ನೋಡಿ. ನಿಮ್ಮ ಉದ್ದೇಶವನ್ನು ಅವರಿಗೆ ಬಿಡಿಸಿ ಹೇಳಿ, ಮುಂದಿನ ವರ್ಷವಿಡೀ ಅರ ಹಿಡಿಯಬೇಕಾದವರು ಅವರೇ.